ಸರ್ಕಾರಿ ಅಭಿಯೋಜಕರ ಮೇಜಿನ ಪಕ್ಕ ಕೂತು ಕಲಿಯುವುದು

ಸನ್ನದು ಇಲ್ಲದ ಕಾನೂನು ವಿದ್ಯಾರ್ಥಿ ನಮ್ಮ ಕೋರ್ಟುಗಳಲ್ಲಿ ಸಾಕ್ಷಿಯನ್ನು ಪ್ರಶ್ನಿಸುವ ಹಾಗಿಲ್ಲ. ಬಾರ್ ಕೌನ್ಸಿಲ್ಲಿನ 2008ರ ನಿಯಮಗಳಂತೆ ಕ್ಲಿನಿಕಲ್ (ಪ್ರಾಯೋಗಿಕ) ಪೇಪರಿನಲ್ಲಿ ವಿಚಾರಣೆ ನೋಡಿ ಬರೆಯುವುದಕ್ಕೆ 30 ಅಂಕ. ಒಂದು ಸಿವಿಲ್, ಒಂದು ಕ್ರಿಮಿನಲ್. ಹಿಂದಿನ ಬೆಂಚಿನಲ್ಲಿ ಕೂತು ಡೈರಿ ತುಂಬಿಸಿದರೆ ಅಂಕಕ್ಕೇನೂ ಮೋಸವಿಲ್ಲ. ಸರ್ಕಾರದ ಪರ ಕ್ರಿಮಿನಲ್ ಕೇಸು ನಡೆಸುವ ಅಭಿಯೋಜಕರ ಕೆಲಸ ಕಲಿಯಬೇಕೆನ್ನುವವರಿಗೆ ನಾನು ಮೊದಲು ಕೊಡುವುದು ಒಂದು ಕಳ್ಳತನದ ದೋಷಾರೋಪಣಾ ಪಟ್ಟಿ.

ಅದನ್ನು ಓದಿ ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಹಾಕಬೇಕು: ಅಪರಾಧದ ಅಂಶ, ಅದನ್ನು ಹೇಳುವ ಚಾ.ಸಾ. (ದೋಷಾರೋಪಣಾ ಪಟ್ಟಿಯಲ್ಲಿ ಹೆಸರಿರುವ ಸಾಕ್ಷಿ), ದಾಖಲೆ, ಮುದ್ದೆಮಾಲು (ವಶಪಡಿಸಿಕೊಂಡ ವಸ್ತು). ಸಿಕ್ಕ ಒಡವೆ ಕಳೆದ ಒಡವೆಯೇ ಎಂಬ ಸಾಲಿನಲ್ಲೇ ಸಾಮಾನ್ಯವಾಗಿ ತೂತು ಕಾಣುವುದು. ದೂರಿನಲ್ಲಿ ಬರೀ ‘ಬಂಗಾರದ ಸರ’ ಎಂದಿರುತ್ತದೆ, ಒಡವೆ ವಶಪಡಿಸಿಕೊಂಡಾಗ ಪೊಲೀಸರು ಬರೆದ ಮಹಜರಿನಲ್ಲಿ ತೂಕ, ಕೊಂಡಿ, ಪದಕ ಎಲ್ಲ ಇರುತ್ತದೆ. ಹಾಗಾಗಿ ಮುಖ್ಯ ವಿಚಾರಣೆಯಲ್ಲಿ, ಅಂದರೆ ನಮ್ಮ ಸಾಕ್ಷಿಯನ್ನು ನಾವೇ ಮೊದಲು ಪ್ರಶ್ನಿಸುವಾಗ, ಸರ ತೋರಿಸುವ ಮೊದಲೇ ‘ನಿಮ್ಮ ಸರ ಹೇಗಿತ್ತು?’ ಎಂದು ಕೇಳುವಂತೆ ಪ್ರಶ್ನೆ ಬರೆಸುತ್ತೇನೆ. ‘ಪದಕ ಇತ್ತಲ್ಲವೇ?’ ಎಂದು ಬರೆದರೆ ಅದು ಉತ್ತರವನ್ನು ತಾನೇ ಹೇಳಿಕೊಡುವ ಸೂಚಕ ಪ್ರಶ್ನೆ. ಎದುರು ವಕೀಲರು ಎದ್ದೇ ಏಳುತ್ತಾರೆ.

ಹೆಚ್ಚು ಹೊತ್ತು ಹಿಡಿಯುವುದು ಪ್ರತಿಕೂಲ ಸಾಕ್ಷಿಯ, ಅಂದರೆ ನಾವೇ ಕರೆಸಿದರೂ ತಿರುಗಿಬೀಳುವ ಸಾಕ್ಷಿಯ ಪಾಠ. ಮಹಜರಿಗೆ ಸಾಕ್ಷಿಯಾಗಿ ಸಹಿ ಹಾಕಿದ ಪಂಚ ಬಂದು ‘ಠಾಣೆಯಲ್ಲಿ ಸಹಿ ಹಾಕಿಸಿಕೊಂಡರು, ಮತ್ತೇನೂ ಗೊತ್ತಿಲ್ಲ’ ಎನ್ನುತ್ತಾನೆ. ಇದು ಹೊಸದೇನಲ್ಲ. ಆಗ ಪಾಟಿ ಸವಾಲಿಗೆ ನ್ಯಾಯಾಲಯದ ಅನುಮತಿ ಕೇಳಬೇಕು. 2024ರ ಜುಲೈ 1ರ ಮೊದಲೇ ವಿಚಾರಣೆಯಲ್ಲಿದ್ದ ಪ್ರಕರಣವಾದರೆ ಹಳೆಯ ಸಾಕ್ಷ್ಯ ಕಾಯ್ದೆಯ ಕಲಂ 154, ಆ ದಿನ ಜಾರಿಗೆ ಬಂದ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 157. ಆಮೇಲೆ ಪೊಲೀಸರ ಮುಂದಿನ ಹೇಳಿಕೆಯಲ್ಲಿ ವ್ಯತ್ಯಾಸವಿರುವ ಸಾಲನ್ನಷ್ಟೇ ಓದಿ ಹೇಳಿ, ಅಷ್ಟನ್ನೇ ನಿ.ಪಿ. (ಅಭಿಯೋಜನೆಯ ಕಡೆಯ ದಾಖಲೆಯ ಗುರುತು) ಎಂದು ಗುರುತಿಸಬೇಕು. ವಿದ್ಯಾರ್ಥಿಗಳು ಇಡೀ ಹೇಳಿಕೆಯನ್ನೇ ಗುರುತಿಸಲು ಹೋಗುತ್ತಾರೆ. ಆ ಹೇಳಿಕೆ ಇರುವುದು ಸಾಕ್ಷಿಯ ಮಾತಿನಲ್ಲಿನ ವಿರೋಧ ತೋರಿಸುವುದಕ್ಕೆ, ಅದೇ ಪುರಾವೆಯಾಗದು.

ಸಾಕ್ಷಿ ‘ಹಾಗೆ ಹೇಳಿಲ್ಲ’ ಎಂದರೆ ಕೆಲಸ ಅರ್ಧಕ್ಕೆ ನಿಂತಂತೆ. ತನಿಖಾಧಿಕಾರಿ ಕಟಕಟೆಗೆ ಬಂದ ದಿನ ಅದೇ ಸಾಲು ಓದಿ ‘ಈ ಸಾಕ್ಷಿ ನಿಮ್ಮ ಮುಂದೆ ಹೀಗೆ ಹೇಳಿದ್ದರೇ?’ ಎಂದು ಕೇಳಲೇಬೇಕು. ಎರಡು ಸಾಕ್ಷ್ಯಗಳ ನಡುವೆ ತಿಂಗಳುಗಳೇ ಕಳೆದು, ಅಭಿಯೋಜಕರೂ ವರ್ಗವಾಗಿ, ಈ ಪ್ರಶ್ನೆ ಬಿಟ್ಟುಹೋಗುವುದುಂಟು. ಅದಕ್ಕೇ ಪ್ರತಿ ಸಾಕ್ಷ್ಯ ಮುಗಿದ ಸಂಜೆಯೇ ವಿದ್ಯಾರ್ಥಿ ಆ ಸಾಲು, ನಿ.ಪಿ. ಸಂಖ್ಯೆ, ಪ್ರಾ.ಸಾ. (ಕಟಕಟೆಯಲ್ಲಿ ನುಡಿದ ಪ್ರಾಸಿಕ್ಯೂಷನ್ ಸಾಕ್ಷಿ) ಸಂಖ್ಯೆ ಬರೆದ ಚೀಟಿಯನ್ನು ಕಡತದಲ್ಲಿ ತನಿಖಾಧಿಕಾರಿಯ ಹೆಸರಿನ ಮುಂದೆ ಲಗತ್ತಿಸುತ್ತಾರೆ.

ಪೋಕ್ಸೊ, ಅತ್ಯಾಚಾರ ಪ್ರಕರಣಗಳ ಗೌಪ್ಯ ವಿಚಾರಣೆಗೆ ವಿದ್ಯಾರ್ಥಿಗಳನ್ನು ಕರೆದೊಯ್ಯುವುದಿಲ್ಲ. ಆ ಕಡತಗಳನ್ನೂ ಕೊಡುವುದಿಲ್ಲ.