ಅಪಾಯಕಾರಿ ಡೈವ್ ಜೊತೆಗಾರರ ಬಗ್ಗೆ ಹೇಳಬೇಕಾ? ನೇತ್ರಾಣಿಯಲ್ಲಿ ನನ್ನ ಅನುಭವ

ಹೇಳಲೇಬೇಕು. ಅದರಲ್ಲಿ ನನಗೆ ಅನುಮಾನವೇ ಇಲ್ಲ. ಯಾರಿಗೆ, ಯಾವಾಗ, ಹೇಗೆ ಹೇಳಬೇಕು ಅನ್ನೋದು ಗೊತ್ತಾಗಲು ಮಾತ್ರ ಮೂರ್ನಾಲ್ಕು ಸೀಸನ್ ಹಿಡಿಯಿತು.

ಮಳೆಗಾಲ ಮುಗಿದ ಮೇಲೆ ಬೆಂಗಳೂರಿನ ಒಂದು ಗುಂಪನ್ನು ಕರೆದುಕೊಂಡು ಮುರುಡೇಶ್ವರಕ್ಕೆ ಹೋಗುತ್ತೇನೆ, ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ, ಸ್ಕೂಬಾ ಡೈವಿಂಗ್‌ಗೆ. ಎಲ್ಲರೂ ಡೈವಿಂಗ್ ಕೋರ್ಸ್ ಮುಗಿಸಿ ಕಾರ್ಡ್ ಪಡೆದವರೇ. ದೋಣಿ ಗೊತ್ತು ಮಾಡುವುದು, ಯಾರ ಜೊತೆ ಯಾರು ಇಳಿಯಬೇಕು ಅಂತ ಜೋಡಿ ಹಾಕುವುದು ನನ್ನ ಕೆಲಸ.

ನಮ್ಮಲ್ಲೊಬ್ಬ ಗೆಳೆಯನಿದ್ದ. ಅಡ್ವಾನ್ಸ್ಡ್ ಕಾರ್ಡ್, ದುಬಾರಿ ಕ್ಯಾಮೆರಾ. ಆಮೆ ಕಂಡರೆ ಸಾಕು, ಜೊತೆಗಾರರನ್ನು ಬಿಟ್ಟು ಹೊರಟುಬಿಡುತ್ತಿದ್ದ. ಒಂದು ದಿನ ಅವನ ಜೊತೆ ಇದ್ದಿದ್ದು ಆಗಷ್ಟೇ ಓಪನ್ ವಾಟರ್ ಅನ್ನೋ ಮೊದಲ ಹಂತದ ಕೋರ್ಸ್ ಮುಗಿಸಿದ ಹುಡುಗಿ. 17-18 ಮೀಟರ್ ಆಳ. ಸಿಲಿಂಡರಿನಲ್ಲಿ ಎಷ್ಟು ಗಾಳಿ ಉಳಿದಿದೆ ಅಂತ ತೋರಿಸುವ ಅವಳ ಗೇಜ್ 60 ಬಾರ್‌ಗೆ ಬಂದಿತ್ತು, ತುಂಬಿದ ಸಿಲಿಂಡರ್ ಅಂದರೆ ಸುಮಾರು 200. ಗೇಜನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸುತ್ತ ತಿರುಗಿ ತಿರುಗಿ ನೋಡುತ್ತಿದ್ದಳು. ಅವನ ಫಿನ್ ಮಾತ್ರ ದೂರದಲ್ಲಿ ಮಸುಕಾಗಿ ಕಾಣುತ್ತಿತ್ತು. ನನ್ನ ಆಕ್ಟೋಪಸ್ (ಇನ್ನೊಬ್ಬರಿಗೆ ಉಸಿರಾಡಲು ಕೊಡುವ ಹೆಚ್ಚುವರಿ ಬಾಯಿಕೊಳವೆ) ಕೊಟ್ಟು, ಅವಳ ಬಿಸಿಡಿ (ಗಾಳಿ ತುಂಬುವ ಜಾಕೆಟ್) ಪಟ್ಟಿ ಹಿಡಿದು ಮೇಲೆ ಕರೆತಂದೆ. ಸುರಕ್ಷತೆಗೆ ಅಂತ 5 ಮೀಟರಿನಲ್ಲಿ ಮೂರು ನಿಮಿಷ ನಿಂತೆವು. ದೋಣಿ ಹತ್ತಿದ ಮೇಲೆ ಅವನು ಹೇಳಿದ್ದು, "ಏನೂ ಆಗಿಲ್ವಲ್ಲ ಮಾರಾಯ." ಅಲ್ಲಿಂದ ದಡಕ್ಕೆ ದೋಣಿಯಲ್ಲಿ ಒಂದೂವರೆ ಗಂಟೆ. ಏನಾದರೂ ಆಗಿದ್ದರೆ?

ಗುಂಪಿನ ಹಿರಿಯರೊಬ್ಬರು ಅವನ ಹೆಸರು ಹಾಕಿ ವಾಟ್ಸಾಪ್‌ನಲ್ಲಿ ಬರೆದರು. ಎರಡು ದಿನ ಜಗಳ. ಡೈವ್ ವಿಷಯ ಬಿಟ್ಟು ಅವನು ಒಳ್ಳೆಯವನೋ ಕೆಟ್ಟವನೋ ಅನ್ನೋದೇ ಚರ್ಚೆಯಾಯಿತು. ಆಮೇಲೆ ಒಬ್ಬರ ಕಿವಿಯಲ್ಲಿ ಒಬ್ಬರು ಪಿಸುಗುಟ್ಟುವ ದಾರಿ ಹಿಡಿದೆವು. ಅದು ಇನ್ನೂ ಕೆಟ್ಟದ್ದು. ಹಳಬರೆಲ್ಲ ಏನಾದರೊಂದು ನೆಪ ಹೇಳಿ ಅವನನ್ನು ತಪ್ಪಿಸಿಕೊಂಡರು. ಕೊನೆಗೆ ಅವನ ಪಾಲಿಗೆ ಉಳಿಯುತ್ತಿದ್ದವರು ಏನೂ ಗೊತ್ತಿಲ್ಲದ ಹೊಸಬರು. ಯಾರಿಗೆ ಒಳ್ಳೆ ಜೊತೆಗಾರ ಜಾಸ್ತಿ ಬೇಕೋ ಅವರಿಗೇ ಇವನು! ನಾವು ಸುಮ್ನೆ ಇದ್ದರೆ ಅಪಾಯ ಹೊಸಬರ ತಲೆಗೆ ಬರುತ್ತದೆ. ನನಗೆ ತಡೆಯಲಾಗದೇ ಹೋಗಿದ್ದು ಇದೇ.

ಆಗ ಚೀಟಿ ಶುರು ಮಾಡಿದೆ. ದೋಣಿ ಹತ್ತಿದ ತಕ್ಷಣ ಎಲ್ಲರೂ ಬರೆಯಬೇಕು, ನಾನೂ ಸೇರಿ. ಎಷ್ಟು ಬಾರ್‌ನಲ್ಲಿ ಇಳಿದೆ, ಎಷ್ಟರಲ್ಲಿ ಹತ್ತಿದೆ, ಗರಿಷ್ಠ ಆಳ, ಮೇಲೆ ಬರುವಾಗ ಕೈಗೆ ಕಟ್ಟಿದ ಡೈವ್ ಕಂಪ್ಯೂಟರ್ ವೇಗ ಜಾಸ್ತಿಯಾಯಿತು ಅಂತ ಕೂಗಿತಾ, ಜೊತೆಗಾರ ಕಣ್ಣಿಗೆ ಕಾಣದೆ ಹೋಗಿದ್ದು ಎಷ್ಟು ಸಲ. ಕೆಳಗೆ ಜೊತೆಗಾರರ ಸಹಿ. ಮುಂದಿನ ಜೋಡಿ ಹಾಕುವುದು ಅದನ್ನು ನೋಡಿಯೇ. ಕಾಗದ ಒಂದೇ ದಿನದಲ್ಲಿ ಒದ್ದೆಯಾಗಿ ಮುದ್ದೆಯಾಯಿತು. ಈಗ ಬಿಳಿ ಪ್ಲಾಸ್ಟಿಕ್ ಸ್ಲೇಟು, ಪೆನ್ಸಿಲು.

"ದುಡ್ಡು ಕೊಟ್ಟು ಬಂದವರಿಗೆ ಪರೀಕ್ಷೆ ಇಡ್ತೀರಾ? ಒಬ್ಬರೂ ಬರಲ್ಲ ನೋಡಿ" ಅಂತ ಎಲ್ಲರೂ ಹೇಳಿದರು. ಮೊದಲ ಸೀಸನ್‌ನಲ್ಲಿ ಮೂರನೇ ಒಂದು ಭಾಗ ಜನ ಬರಲಿಲ್ಲ, ನಿಜ. ಸೆಕೆಂಡ್ ಹ್ಯಾಂಡ್ ಡೈವ್ ಕಂಪ್ಯೂಟರ್ ಎರಡು ತೆಗೆದುಕೊಂಡೆ, ಮೂವತ್ತು ಸಾವಿರದ ಹತ್ತಿರ. ಎರಡನೇ ಡೈವ್ ಬೇಡ ಅಂತ ದೋಣಿಯಲ್ಲೇ ಕೂರಿಸಿದವರಿಗೆ ಹಣ ವಾಪಸ್ ಕೊಟ್ಟೆ. ಅದೂ ಕೈಯಿಂದ ಇಪ್ಪತ್ತು ಸಾವಿರ ಆಗಿರಬಹುದು. ಈಗ ಸೀಟಿಗೆ ಕಾಯುವವರಿದ್ದಾರೆ. ಚೀಟಿ ಇದೆ ಅಂತಲೇ ಮಗಳನ್ನು ಕಳಿಸುವ ಅಪ್ಪ ಅಮ್ಮಂದಿರಿದ್ದಾರೆ. ಆಗ ನಕ್ಕಿದ್ದ, ನೀರಿನಲ್ಲಿ ಗುಂಪನ್ನು ಮುನ್ನಡೆಸುವ ಡೈವ್ ಲೀಡರ್ ಒಬ್ಬರು ನನ್ನ ಸ್ಲೇಟನ್ನೇ ನಕಲು ಮಾಡಿಕೊಂಡಿದ್ದಾರೆ.

ಮಧ್ಯೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಇಬ್ಬರ ನಡುವೆ ಒಂದೂವರೆ ಮೀಟರ್ ಹಗ್ಗ ಕಟ್ಟಿ ನೋಡಿದೆ. ಸೆಳೆತ ಇದ್ದಾಗ ಬಂಡೆಗೆ ಸಿಕ್ಕಿಕೊಳ್ಳುತ್ತಿತ್ತು, ಬಿಟ್ಟೆ. ಕ್ಯಾಮೆರಾ ಹಿಡಿದರೆ ಗಾಳಿ ಜಾಸ್ತಿ ಖರ್ಚಾಗುತ್ತದಾ ಅಂತ 10-12 ಮೀಟರಿನಲ್ಲಿ ಕೆಲವರನ್ನು ಗಮನಿಸಿದೆ. ಗಾಳಿಯಲ್ಲಿ ಅಂಥ ವ್ಯತ್ಯಾಸವೇನೂ ಕಾಣಲಿಲ್ಲ. ಆದರೆ ನಿಮಿಷಕ್ಕೊಮ್ಮೆ ಜೊತೆಗಾರನ ಕಡೆ ತಿರುಗುತ್ತಿದ್ದವರು ಐದಾರು ನಿಮಿಷ ತಿರುಗಲೇ ಇಲ್ಲ.

ಚೀಟಿ ಕೆಟ್ಟದಾಗಿ ಬಂದರೆ ಮೊದಲು ಅವರೊಬ್ಬರನ್ನೇ ದೋಣಿಯ ಹಿಂಭಾಗಕ್ಕೆ ಕರೆದು ಸ್ಲೇಟು ಕೈಗೆ ಕೊಡುತ್ತೇನೆ. ಎರಡನೇ ಸಲವೂ ಹಾಗೇ ಆದರೆ ಲೀಡರ್‌ಗೆ ಹೇಳುತ್ತೇನೆ, ಅವರ ಎದುರಿಗೇ. ಬೇರೆ ಕಡೆಯವರು ಕೇಳಿದರೆ ಹೆಸರು ಹಿಡಿದು ಚೀಟಿಯಲ್ಲಿರುವುದನ್ನಷ್ಟೇ ಓದುತ್ತೇನೆ. "ಹುಂಬ", "ಬೇಜವಾಬ್ದಾರಿ" ಅನ್ನೋ ಮಾತು ನನ್ನ ಬಾಯಿಂದ ಬರಲ್ಲ. 40 ಬಾರ್‌ನಲ್ಲಿ ಹತ್ತಿದ, ಎರಡು ಸಲ ಕಾಣೆಯಾದ ಅಂದರೆ ಯಾರೂ ಜಗಳಕ್ಕೆ ಬರಲ್ಲ.

ದೋಣಿ ಹೊರಟ ಮೇಲೆ ಹೊಸಬರಿಗೆ ನಾನೊಂದು ಪ್ರಶ್ನೆ ಕೇಳುತ್ತೇನೆ. ಯಾರು ನೀರಿನಲ್ಲಿ ಕೈಬಿಡುತ್ತಾರೆ ಅಂತ ಅದರಲ್ಲೇ ಮುಕ್ಕಾಲು ಪಾಲು ಗೊತ್ತಾಗುತ್ತದೆ. ಅದನ್ನು ಇಲ್ಲಿ ಬರೆಯಲ್ಲ, ಉತ್ತರ ಕಲಿತುಕೊಂಡು ಬಂದರೆ ಉಪಯೋಗವಿಲ್ಲ.

ಆ ಗೆಳೆಯ ಒಂದು ಸೀಸನ್ ಮುನಿಸಿಕೊಂಡು ಈಗ ವಾಪಸ್ ಬರುತ್ತಿದ್ದಾನೆ. ಹೊಸಬರ ಜೊತೆ ಹಾಕಲ್ಲ. ಲೀಡರ್ ಪಕ್ಕದಲ್ಲೇ ಇಳಿಯುತ್ತಾನೆ, ಮೊದಲ ಡೈವ್‌ನ ಚೀಟಿ ಸರಿಯಿದ್ದರೆ ಎರಡನೆಯದಕ್ಕೆ ಕ್ಯಾಮೆರಾ.