ವಿಂಡೋಸ್ 7ರ ಮೇಲೆ ಹೊಸ ಆಫೀಸ್: ಯಾವುದು ಕೂರುತ್ತದೆ, ಯಾವುದು ಕೂರುವುದಿಲ್ಲ

ಚಿಕ್ಕಮಗಳೂರಿನಿಂದ ಆಲ್ದೂರು, ಮೂಡಿಗೆರೆ, ಕೊಪ್ಪದ ಕಡೆ ತೋಟದ ಕಚೇರಿಗಳಲ್ಲೂ ಸೊಸೈಟಿಗಳಲ್ಲೂ ಇವತ್ತಿಗೂ ವಿಂಡೋಸ್ 7 ಕಂಪ್ಯೂಟರ್ ಸಿಗುತ್ತದೆ. ವೇಬ್ರಿಡ್ಜ್ (ಲಾರಿ ತೂಗುವ ಕಟ್ಟೆ) ಇದ್ದರೆ ಅದಕ್ಕೂ ಹಳೆಯ ವಿಂಡೋಸ್ ಎಕ್ಸ್‌ಪಿ ಕೂಡ. ತೂಕದ ಸಾಫ್ಟ್‌ವೇರ್ ಬರೆದುಕೊಟ್ಟವರು ಈಗ ಕೈಗೆ ಸಿಗುವುದಿಲ್ಲ, ಅದು ಹೊಸ ವಿಂಡೋಸ್‌ನಲ್ಲಿ ಓಡುವುದೂ ಇಲ್ಲ. ಹಾಗಾಗಿ ಇಂಥ ಕಡೆ "ಹೊಸ ಕಂಪ್ಯೂಟರ್ ತಗೊಳ್ಳಿ" ಎಂದು ಹೇಳಿ ಪ್ರಯೋಜನವಿಲ್ಲ. ಆದರೆ ಆಡಿಟರ್ ಕಳಿಸುವ ಎಕ್ಸೆಲ್ ಹೊಸದು, ಬ್ಯಾಂಕಿನ ಫಾರ್ಮ್ ಹೊಸದು. ಅವನ್ನು ಹಳೆ ಕಂಪ್ಯೂಟರಿನಲ್ಲಿ ತೆರೆಯಲು ನಾನು ಮಾಡುವ ಕ್ರಮ ಇಲ್ಲಿದೆ.

ಆಫೀಸ್ ಸಿಡಿ ಹುಡುಕುವ ಮೊದಲು ವಿಂಡೋಸ್ ನೋಡಬೇಕು. ವಿಂಡೋಸ್ ಕೀ ಜೊತೆ ಆರ್ ಒತ್ತಿ 'ವಿನ್‌ವರ್' ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಆವೃತ್ತಿ ಬರುತ್ತದೆ. ವಿಂಡೋಸ್ 7 ಆದರೆ 7601, ಸರ್ವಿಸ್ ಪ್ಯಾಕ್ 1 ಎಂದು ಇರಲೇಬೇಕು. 7600 ಇದ್ದರೆ ಮುಂದಿನ ಯಾವ ಕೆಲಸವೂ ಆಗದು, ಮೊದಲು ಸರ್ವಿಸ್ ಪ್ಯಾಕ್ ಹಾಕಿ. ಕಂಪ್ಯೂಟರ್ ಪ್ರಾಪರ್ಟೀಸ್‌ನಲ್ಲಿ 32 ಬಿಟ್ಟೋ 64 ಬಿಟ್ಟೋ ಬರೆದುಕೊಳ್ಳಿ. 32 ಬಿಟ್ ವಿಂಡೋಸ್ ಮೇಲೆ 64 ಬಿಟ್ ಆಫೀಸ್ ಕೂರುವುದಿಲ್ಲ. ಗಡಿಯಾರವನ್ನೂ ನೋಡಿ. ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗಲೆಲ್ಲ ತಾರೀಖು ಹಿಂದಕ್ಕೆ ಹೋಗುತ್ತದೆ, ಆಮೇಲೆ ಸರ್ಟಿಫಿಕೇಟ್ ತಪ್ಪು, ಆಕ್ಟಿವೇಶನ್ ಫೇಲ್. ಮಲೆನಾಡಿನ ಮಳೆಗಾಲದಲ್ಲಿ ಇದು ಮಾಮೂಲು. ಸೆಲ್ ಬದಲಿಸದೆ ಸಾಫ್ಟ್‌ವೇರ್ ಜೊತೆ ಗುದ್ದಾಡಬೇಡಿ.

ಯಾವ ಆಫೀಸ್ ಎಲ್ಲಿಗೆ? ಎಕ್ಸ್‌ಪಿ ಸರ್ವಿಸ್ ಪ್ಯಾಕ್ 3ಕ್ಕೆ ಆಫೀಸ್ 2010 ಕೊನೆ, ಅದೂ 32 ಬಿಟ್. ವಿಂಡೋಸ್ 7ಕ್ಕೆ 2016 ಕೊನೆ. 2019, 2021, 2024 ಮೂರಕ್ಕೂ ವಿಂಡೋಸ್ 10 ಅಥವಾ 11 ಬೇಕು. 7ರ ಮೇಲೆ ಸೆಟಪ್ ಶುರುವಿನಲ್ಲೇ ನಿರಾಕರಿಸುತ್ತದೆ. ರಿಜಿಸ್ಟ್ರಿ ತಿದ್ದಿ ಏಮಾರಿಸುವ ವಿಡಿಯೋಗಳಿವೆ, ಅದರ ಗೋಜಿಗೆ ಹೋಗಬೇಡಿ. 2016ಕ್ಕೂ ವಿಂಡೋಸ್ 10ಕ್ಕೂ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 7ರದ್ದು 2020ರ ಜನವರಿ 14ಕ್ಕೇ ಮುಗಿದಿತ್ತು. ಹಾಗಾಗಿ ಆಫೀಸ್ 2016 ಲೈಸೆನ್ಸ್ ಮೊದಲೇ ಇದ್ದವರಿಗೆ ಅದನ್ನು ಹಾಕಿ, ಮ್ಯಾಕ್ರೋ (ಫೈಲಿನೊಳಗೆ ಕೂತು ತಾನಾಗಿ ಓಡುವ ಆಜ್ಞೆಗಳು) ಪೂರ್ತಿ ಬಂದ್ ಮಾಡಿಕೊಡುತ್ತೇನೆ. ಲೈಸೆನ್ಸ್ ಇಲ್ಲದವರಿಗೆ, ಆಫೀಸಿನಂಥದ್ದೇ ಆದರೆ ಪುಕ್ಕಟೆ ಸಿಗುವ ಲಿಬ್ರೆಆಫೀಸ್ 25.2. ಇದು ವಿಂಡೋಸ್ 7 ಮತ್ತು 8.1ಕ್ಕೆ ನಡೆಯುವ ಕೊನೆಯ ಆವೃತ್ತಿ, 25.8ರಿಂದ ಅವೆರಡನ್ನೂ ಕೈಬಿಟ್ಟಿದ್ದಾರೆ. ಡೌನ್‌ಲೋಡ್ ಪುಟದಲ್ಲಿ ಮೇಲೆ ಕಾಣುವುದು ಹೊಸದು, ಅದನ್ನು ಒತ್ತಬೇಡಿ. ಹಳೆ ಆವೃತ್ತಿಗಳ ಆರ್ಕೈವ್‌ನಿಂದ 25.2 ತೆಗೆದು ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋಗಿ, ಘಾಟಿ ಕಡೆಯ ನೆಟ್ ನಂಬಿ ಹೋಗಬೇಡಿ.

ಹೊಸದಾಗಿ ಫಾರ್ಮ್ಯಾಟ್ ಮಾಡಿದ ವಿಂಡೋಸ್ 7ರಲ್ಲಿ ಸಾಮಾನ್ಯವಾಗಿ ಎರಡು ತೊಂದರೆ ಬರುತ್ತವೆ. ಒಂದು, ಹೊಸ ಇನ್‌ಸ್ಟಾಲರ್ ಮತ್ತು ಅಪ್‌ಡೇಟ್‌ಗಳ ಡಿಜಿಟಲ್ ಸಹಿ ಎಸ್‌ಎಚ್‌ಎ-2 ಎಂಬ ಹೊಸ ಮಾದರಿಯದು, ಹಳೆ ವಿಂಡೋಸ್‌ಗೆ ಅದು ಅರ್ಥವಾಗುವುದಿಲ್ಲ. ಮೈಕ್ರೋಸಾಫ್ಟ್‌ನ ಅಪ್‌ಡೇಟ್‌ಗಳಲ್ಲಿ ಮೊದಲು ಕೆಬಿ4490628, ನಂತರ ಕೆಬಿ4474419 ಹಾಕಿ ರೀಸ್ಟಾರ್ಟ್ ಮಾಡಬೇಕು. ಎರಡು, ಪ್ರೋಗ್ರಾಂ ತೆರೆದ ಕೂಡಲೇ 'ಎಪಿಐ-ಎಂಎಸ್-ವಿನ್-ಸಿಆರ್‌ಟಿ' ಎಂದು ಶುರುವಾಗುವ ಡಿಎಲ್‌ಎಲ್ (ಪ್ರೋಗ್ರಾಂ ಓಡಲು ಬೇಕಾದ ಸಹಾಯಕ ಫೈಲ್) ಇಲ್ಲ ಎನ್ನುತ್ತದೆ. ಅದಕ್ಕೆ ಕೆಬಿ2999226. ಆ ಒಂದು ಡಿಎಲ್‌ಎಲ್ ಫೈಲನ್ನು ಎಲ್ಲಿಂದಲೋ ಇಳಿಸಿ ಸಿಸ್ಟಂ ಫೋಲ್ಡರ್‌ಗೆ ತುರುಕುವವರು ಬೇಕಾದಷ್ಟಿದ್ದಾರೆ. ವೈರಸ್ ಬರುವುದು ಹಾಗೇ. ಅಪ್‌ಡೇಟ್ ಫೈಲ್ ಒತ್ತಿದಾಗ 'ಹುಡುಕುತ್ತಿದೆ' ಎಂದು ಗಂಟೆಗಟ್ಟಲೆ ನಿಂತರೆ ನೆಟ್ ಕೇಬಲ್ ಕಿತ್ತು, ವಿಂಡೋಸ್ ಅಪ್‌ಡೇಟನ್ನು 'ಎಂದಿಗೂ ನೋಡಬೇಡ'ಕ್ಕೆ ಬದಲಿಸಿ, ರೀಸ್ಟಾರ್ಟ್ ಮಾಡಿ ಮತ್ತೆ ಒತ್ತಿ. ಆಫೀಸ್ 2016ರ ಸೈನ್‌ಇನ್ ಕಿಟಕಿ ಬಿಳಿಯಾಗಿ ನಿಂತರೆ ಇಂಟರ್ನೆಟ್ ಎಕ್ಸ್‌ಪ್ಲೋರರ್ 11 ಇದೆಯೇ, ಇಂಟರ್ನೆಟ್ ಆಪ್ಶನ್ಸ್‌ನ ಅಡ್ವಾನ್ಸ್ಡ್‌ನಲ್ಲಿ ಟಿಎಲ್‌ಎಸ್ 1.2 (ನೆಟ್ ಸಂಪರ್ಕದ ಭದ್ರತೆ) ಎಂಬುದಕ್ಕೆ ಟಿಕ್ ಇದೆಯೇ ನೋಡಿ.

ಲಿಬ್ರೆಆಫೀಸ್ ಹಾಕಿದ ಮೇಲೆ ಟೂಲ್ಸ್, ಆಪ್ಶನ್ಸ್‌ಗೆ ಹೋಗಿ ಲೋಡ್/ಸೇವ್‌ನಲ್ಲಿ ವರ್ಡ್ ಮತ್ತು ಎಕ್ಸೆಲ್ ಮಾದರಿಯಲ್ಲೇ ಉಳಿಸುವಂತೆ ಮಾಡಿಬಿಡಿ. ಇಲ್ಲದಿದ್ದರೆ ತೋಟದ ರೈಟರು (ಗುಮಾಸ್ತರು) ಲಿಬ್ರೆಆಫೀಸ್ ಮಾದರಿಯ ಓಡಿಟಿ ಫೈಲ್ ಕಳಿಸುತ್ತಾರೆ, ಆಚೆಯವರು ಫೋನ್ ಮಾಡುತ್ತಾರೆ. ಭಾಷೆಯ ಪುಟದಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್‌ಗೆ ಕನ್ನಡ ಆಯ್ಕೆ ಮಾಡಿ. ಹಳೆ ಗ್ರಾಫಿಕ್ಸ್ ಇರುವ ಕಡೆ ಕಿಟಕಿ ಕಪ್ಪಾದರೆ, ಮೆನು ಕಲಸಿಹೋದರೆ, ಸೇಫ್ ಮೋಡ್‌ನಲ್ಲಿ ತೆರೆದು ಆಪ್ಶನ್ಸ್‌ನ ವ್ಯೂ ಪುಟದಲ್ಲಿ ಸ್ಕಿಯಾ (ಪರದೆ ಮೇಲೆ ಚಿತ್ರ ಬಿಡಿಸುವ ವಿಧಾನ) ಟಿಕ್ ತೆಗೆಯಿರಿ.

ಪ್ರೋಗ್ರಾಂ ಕೂರಿಸುವುದು ಸುಲಭದ ಕೆಲಸ. ತಲೆಬಿಸಿ ಮಾಡುವುದು ಫೈಲ್. ಆಡಿಟರ್‌ನ ಹಾಳೆಯಲ್ಲಿ ಎಕ್ಸ್‌ಲುಕಪ್ ಎಂಬ ಹೊಸ ಎಕ್ಸೆಲ್ ಫಾರ್ಮುಲಾ ಇದ್ದರೆ ಆಫೀಸ್ 2016ರಲ್ಲಿ ತೆರೆದಾಗ ಎಲ್ಲ ಸರಿಯಾಗಿಯೇ ಕಾಣುತ್ತದೆ, ಏಕೆಂದರೆ ತೋರಿಸುವುದು ಹಿಂದೆ ಲೆಕ್ಕಹಾಕಿ ಉಳಿಸಿದ ಉತ್ತರ. ಆ ಸೆಲ್ ತಿದ್ದಿದ ಕೂಡಲೇ 'ನೇಮ್' ಎರರ್. ಫಾರ್ಮುಲಾ ಪಟ್ಟಿಯಲ್ಲಿ ಹೆಸರಿನ ಮುಂದೆ 'ಎಕ್ಸ್‌ಎಲ್‌ಎಫ್‌ಎನ್' ಎಂದು ಅಂಟಿಕೊಂಡಿದ್ದರೆ ಅದೇ ಗುರುತು. ಐಎಫ್‌ಎಸ್, ಟೆಕ್ಸ್ಟ್‌ಜಾಯಿನ್ ಕೂಡ ಇದೇ ಜಾತಿ. ಕಳಿಸುವವರಿಗೆ ಹೇಳಿ ಎಕ್ಸ್‌ಲುಕಪ್ ಅನ್ನು ಹಳೆಯ ಇಂಡೆಕ್ಸ್-ಮ್ಯಾಚ್ ಫಾರ್ಮುಲಾಗೆ ಬದಲಿಸಿಕೊಳ್ಳಿ. ಲಿಬ್ರೆಆಫೀಸ್ 24.8ರಿಂದ ಎಕ್ಸ್‌ಲುಕಪ್ ಅರ್ಥಮಾಡಿಕೊಳ್ಳುತ್ತದೆ, ಈ ಒಂದು ವಿಷಯದಲ್ಲಿ ಅದು ಆಫೀಸ್ 2016ಕ್ಕಿಂತ ಮುಂದಿದೆ. ಎಕ್ಸೆಲ್‌ನ ಹಳೆ ಮಾದರಿಯಾದ ಎಕ್ಸ್‌ಎಲ್‌ಎಸ್ ಫೈಲಿಗೆ 65,536 ಸಾಲಿನ ಮಿತಿ. ದಿನಕ್ಕೆ 200 ಆಳಿನ ಹಾಜರಿಯನ್ನು ತಲೆಗೊಂದು ಸಾಲಿನಂತೆ ಬರೆದರೆ 328ನೇ ದಿನಕ್ಕೆ ಜಾಗ ಖಾಲಿ. ಹೊಸ ಮಾದರಿಯಿಂದ ಹಳೆಯದಕ್ಕೆ ಉಳಿಸಿದರೆ ಮಿಕ್ಕ ಸಾಲು ಕತ್ತರಿಸಿಹೋಗುತ್ತದೆ.

ಕನ್ನಡದ ಪತ್ರಗಳದ್ದು ಬೇರೆಯೇ ಕಥೆ. ವಿಂಡೋಸ್ 7ರಲ್ಲಿ ಇರುವುದು ತುಂಗಾ ಫಾಂಟ್. ಹೊಸ ವಿಂಡೋಸ್‌ನಲ್ಲಿ ನಿರ್ಮಲಾ ಯುಐ. ಅಲ್ಲಿ ಒಂದು ಪುಟಕ್ಕೆ ಕೂತ ಪತ್ರ ಇಲ್ಲಿ ತೆರೆದರೆ ಸಾಲಿನ ಎತ್ತರ ಬದಲಾಗಿ ಸಹಿ ಮಾತ್ರ ಎರಡನೇ ಪುಟಕ್ಕೆ ಹಾರುತ್ತದೆ. ವಿಂಡೋಸ್ 10ರಲ್ಲಿ ತುಂಗಾ ಬೇಕಾದರೆ ಆಪ್ಶನಲ್ ಫೀಚರ್ಸ್‌ನಿಂದ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಸೇರಿಸಬೇಕು. ನಾನು ಎರಡೂ ಕಡೆ ನೋಟೋ ಸಾನ್ಸ್ ಕನ್ನಡ ಹಾಕುತ್ತೇನೆ. ಜಿಪ್ ಬಿಚ್ಚಿದಾಗ 'ಸ್ಟ್ಯಾಟಿಕ್' ಫೋಲ್ಡರ್‌ನ ಫೈಲ್‌ಗಳನ್ನೇ ಹಾಕಿ. ವೇರಿಯಬಲ್ ಫಾಂಟ್ (ತೆಳು, ದಪ್ಪ ಎಲ್ಲ ಒಂದೇ ಫೈಲಿನಲ್ಲಿರುವುದು) ಹಳೆ ವರ್ಡ್‌ಗೆ ಸರಿಬರುವುದಿಲ್ಲ.

ಕನ್ನಡ ಟೈಪಿಂಗ್‌ನ ಹಳೆ 'ನುಡಿ' ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ್ದು ಇನ್ನೊಂದು ಬಗೆ. ಅದು ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲ, ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕೂರಿಸಿದ ಕನ್ನಡದ ಆಕಾರಗಳು. ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ ಕಾಣುತ್ತದೆ. ಅಂಥ ಫೈಲ್ ತಿದ್ದುವ ಮೊದಲು ವರ್ಡ್‌ನ ಆಟೋಕರೆಕ್ಟ್ ಪೂರ್ತಿ ತೆಗೆಯಿರಿ: ವಾಕ್ಯದ ಮೊದಲ ಅಕ್ಷರವನ್ನು ಕ್ಯಾಪಿಟಲ್ ಮಾಡಿದರೆ ಅಲ್ಲಿ ಬೇರೆಯದೇ ಕನ್ನಡ ಅಕ್ಷರ ಬಂದು ಕೂರುತ್ತದೆ. ಮತ್ತೆ ಮತ್ತೆ ಬಳಸುವ ಪತ್ರಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿಬಿಡಿ. ಪರಿವರ್ತಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ, ಅಂಕಿಗಳನ್ನು ಕಣ್ಣಿನಿಂದಲೇ ಓದಿ ನೋಡಬೇಕು.

ಎಕ್ಸ್‌ಪಿ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೆಟ್‌ನಿಂದ ಬಿಡಿಸಿಡಿ. ವರ್ಡ್‌ನ ಹೊಸ ಮಾದರಿಯ ಡಾಕ್‌ಎಕ್ಸ್ ಫೈಲ್ ತೆರೆಯಲೇಬೇಕಾದರೆ ಸರ್ವಿಸ್ ಪ್ಯಾಕ್ 3ರ ಮೇಲೆ ಲಿಬ್ರೆಆಫೀಸ್ 5.4 ಹಾಕಿ, ಅದೇ ಕೊನೆ. ಕನ್ನಡ ಯೂನಿಕೋಡ್ ಬೇಕಾದರೆ ರೀಜನಲ್ ಆಪ್ಶನ್ಸ್‌ನಲ್ಲಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್‌ಗೆ ಟಿಕ್ ಹಾಕಬೇಕು, ಆಗ ಎಕ್ಸ್‌ಪಿ ಸಿಡಿ ಕೇಳುತ್ತದೆ. ಫೈಲ್ ಸಾಗಿಸುವ ಪೆನ್‌ಡ್ರೈವನ್ನು ಫ್ಯಾಟ್32 ಮಾದರಿಗೆ ಫಾರ್ಮ್ಯಾಟ್ ಮಾಡಿರಿ, ಎಕ್ಸ್‌ಫ್ಯಾಟ್ ಮಾದರಿ ಎಕ್ಸ್‌ಪಿಗೆ ತಾನಾಗಿ ಓದಲು ಬರುವುದಿಲ್ಲ. ಫ್ಯಾಟ್32ಗೆ 4 ಜಿಬಿ ಮೀರಿದ ಒಂದೇ ಫೈಲ್ ಹೋಗುವುದಿಲ್ಲ, ಹಾಗಾಗಿ ಹೊಸ ಆಫೀಸ್ ಇನ್‌ಸ್ಟಾಲ್ ಮಾಡುವ ದೊಡ್ಡ ಡಿಸ್ಕ್ ಇಮೇಜ್ ಫೈಲಿಗೆ ಎನ್‌ಟಿಎಫ್‌ಎಸ್ ಮಾಡಿದ ಇನ್ನೊಂದು ಪೆನ್‌ಡ್ರೈವ್ ಬೇರೆಯೇ ಇಟ್ಟುಕೊಳ್ಳಿ.