ಇಂಗ್ಲೆಂಡ್‌ನಲ್ಲಿ ಮನೆ ಕೊಳ್ತಿದ್ದೀರಾ? ಸಾಲಿಸಿಟರ್ ಹಿಡಿಯುವ ಮುನ್ನ ಇಷ್ಟು ನೋಡಿ

ರೆಡಿಂಗ್‌ನಲ್ಲೋ ಮಿಲ್ಟನ್ ಕೀನ್ಸ್‌ನಲ್ಲೋ ಮನೆ ಇಷ್ಟವಾಯಿತು, ಆಫರ್‌ಗೂ ಒಪ್ಪಿದರು. ತಕ್ಷಣ ಎಸ್ಟೇಟ್ ಏಜೆಂಟ್ ಫೋನ್ ಬರುತ್ತದೆ, 'ನಿಮ್ಮ ಸಾಲಿಸಿಟರ್ (ಖರೀದಿಯ ಕಾನೂನು ಕೆಲಸ ನೋಡುವ ವಕೀಲರು) ಯಾರು?' ಆ ಅವಸರದಲ್ಲಿ ಏಜೆಂಟ್ ಹೇಳಿದವರನ್ನೋ, ವಾಟ್ಸಾಪ್ ಗುಂಪಿನಲ್ಲಿ ಯಾರೋ ಹಾಕಿದ ಹೆಸರನ್ನೋ ಹಿಡಿದು, ಫಾರ್ಮ್ ತುಂಬಿ, ಮುಂಗಡ ಕಟ್ಟಿ, ಕೆಲವು ವಾರ ಆದ ಮೇಲೆ 'ನಾವು ನಿಮ್ಮ ಬ್ಯಾಂಕಿನ ಪ್ಯಾನೆಲ್‌ನಲ್ಲಿ ಇಲ್ಲ' ಅಂತ ಇಮೇಲ್ ಬಂದರೆ ತಲೆಬಿಸಿ ಶುರು. ಇದನ್ನು ತಪ್ಪಿಸುವುದು ಕಷ್ಟವೇನಲ್ಲ. ಮೊದಲ ಫೋನಿನಲ್ಲೇ ಸರಿಯಾದ ಪ್ರಶ್ನೆ ಕೇಳಬೇಕು, ಅಷ್ಟೇ.

ಬೆಂಗಳೂರಿನಲ್ಲಿ ಹೋಮ್ ಲೋನ್ ತೆಗೆದುಕೊಂಡವರಿಗೆ ಪ್ಯಾನೆಲ್ ವಕೀಲರು ಗೊತ್ತಿರುತ್ತಾರೆ. ಮದರ್ ಡೀಡ್, ಇಸಿ, ಖಾತಾ ಎಲ್ಲ ನೋಡಿ ಬ್ಯಾಂಕಿಗೆ ಲೀಗಲ್ ಒಪಿನಿಯನ್ ಕೊಡುತ್ತಾರೆ. ಅವರು ಬ್ಯಾಂಕಿನ ವಕೀಲರು. ಬೇಕಿದ್ದರೆ ನಮ್ಮ ವಕೀಲರನ್ನು ನಾವೇ ಬೇರೆ ಇಟ್ಟುಕೊಳ್ಳುತ್ತೇವೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹಾಗಲ್ಲ, ಸಾಮಾನ್ಯವಾಗಿ ಒಂದೇ ಆಫೀಸು ನಿಮ್ಮ ಕೆಲಸವನ್ನೂ ಸಾಲ ಕೊಡುವವರ ಕೆಲಸವನ್ನೂ ಮಾಡುತ್ತದೆ. (ಸ್ಕಾಟ್ಲೆಂಡ್‌ನ ಕಾನೂನೇ ಬೇರೆ, ಇಲ್ಲಿ ಹೇಳಿದ್ದನ್ನು ಅಲ್ಲಿಗೆ ಹೊಂದಿಸಬೇಡಿ.) ಹಾಗಾಗಿ ಬ್ಯಾಂಕು ತಾನು ಒಪ್ಪಿದ ಆಫೀಸುಗಳ ಪಟ್ಟಿ ಇಟ್ಟುಕೊಂಡಿರುತ್ತದೆ, ಅದೇ ಪ್ಯಾನೆಲ್. ಪಟ್ಟಿಯಲ್ಲಿ ಇಲ್ಲದವರನ್ನು ನೀವು ಹಿಡಿದರೆ ಬ್ಯಾಂಕು ತನ್ನ ಪಾಲಿನ ಕೆಲಸಕ್ಕೆ ಬೇರೆ ಸಾಲಿಸಿಟರ್ ನೇಮಿಸಬಹುದು. ಅವರ ಫೀಸೂ ನಿಮ್ಮ ತಲೆಗೇ. ಎರಡು ಆಫೀಸು ಒಂದಕ್ಕೊಂದು ಪತ್ರ ಬರೆಯುತ್ತಾ ಕೂರುವುದರಿಂದ ದಿನಗಳೂ ಜಾಸ್ತಿ ಹಿಡಿಯುತ್ತವೆ. ಕೆಲವು ಬ್ಯಾಂಕುಗಳು ಇದಕ್ಕೂ ಒಪ್ಪುವುದಿಲ್ಲ, ಸಾಲಿಸಿಟರ್ ಬದಲಿಸಿ ಅಂತಾರೆ.

ಒಂದು ಮಾತು ನೆನಪಿರಲಿ. ಪ್ಯಾನೆಲ್‌ನಲ್ಲಿ ಇದ್ದಾರೆ ಅಂದರೆ ಬ್ಯಾಂಕಿನ ದುಡ್ಡಿಗೆ ಅವರಿಂದ ಅಪಾಯವಿಲ್ಲ ಅಂತ ಬ್ಯಾಂಕು ಲೆಕ್ಕ ಹಾಕಿದೆ ಅಂತಷ್ಟೇ ಅರ್ಥ. ನಿಮ್ಮ ಫೋನ್ ಎತ್ತುತ್ತಾರಾ, ಬೇಗ ಕೆಲಸ ಮಾಡ್ತಾರಾ ಅನ್ನುವುದು ಬ್ಯಾಂಕಿನ ಚಿಂತೆಯಲ್ಲ. ಅದನ್ನು ನೀವೇ ನೋಡಬೇಕು.

ಮೊದಲ ಹೆಜ್ಜೆ: ಲೆಂಡರ್‌ನ ಪೂರ್ತಿ ಹೆಸರು

ಲೆಂಡರ್ ಅಂದರೆ ಸಾಲ ಕೊಡುವವರು. ಅದು ಯಾವ ಬ್ಯಾಂಕು ಅಥವಾ ಬಿಲ್ಡಿಂಗ್ ಸೊಸೈಟಿ (ಮನೆ ಸಾಲ ಕೊಡುವ ಸದಸ್ಯರ ಸಂಸ್ಥೆ) ಅಂತ ಸಾಲ ಕೊಡಿಸುವ ಬ್ರೋಕರ್ ಹತ್ತಿರ ಮೊದಲು ಕೇಳಿಕೊಳ್ಳಿ. ಒಂದೇ ಬ್ಯಾಂಕ್ ಗುಂಪಿನಲ್ಲಿ ನಾಲ್ಕೈದು ಬ್ರ್ಯಾಂಡ್ ಇರುತ್ತವೆ, ಹ್ಯಾಲಿಫ್ಯಾಕ್ಸ್ ಕೂಡ ಲಾಯ್ಡ್ಸ್ ಗುಂಪಿನದೇ. ಅದಕ್ಕೇ ಮಾರ್ಗೇಜ್ (ಮನೆ ಸಾಲ) ಕಾಗದದ ಮೇಲಿರುವ ಹೆಸರನ್ನೇ ಹೇಳಿ. ಆಮೇಲೆ ಸಾಲಿಸಿಟರ್‌ಗೆ ಇಮೇಲ್‌ನಲ್ಲಿ ಕೇಳಿ: 'ಈ ಲೆಂಡರ್‌ನ ಪ್ಯಾನೆಲ್‌ನಲ್ಲಿ ನಿಮ್ಮ ಆಫೀಸು ಇವತ್ತಿಗೆ ಇದೆಯಾ?' 'ನಾವು ಎಲ್ಲಾ ದೊಡ್ಡ ಬ್ಯಾಂಕುಗಳ ಪಟ್ಟಿಯಲ್ಲೂ ಇದ್ದೇವೆ' ಅನ್ನುವ ಉತ್ತರ ಸಾಲದು. ಕೆಲವು ಲೆಂಡರ್‌ಗಳು ಒಬ್ಬರೇ ನಡೆಸುವ ಸಣ್ಣ ಆಫೀಸುಗಳನ್ನು ಸೇರಿಸಿಕೊಳ್ಳುವುದಿಲ್ಲ. ವರ್ಷಕ್ಕೆ ಬೆರಳೆಣಿಕೆಯ ಕೇಸು ಮಾಡುವವರನ್ನು ತೆಗೆದುಹಾಕುವುದೂ ಉಂಟು. ನಡುವೆ ಬಡ್ಡಿ ಕಡಿಮೆ ಅಂತ ಲೆಂಡರ್ ಬದಲಿಸಿದರೆ ಇದೇ ಪ್ರಶ್ನೆಯನ್ನು ಮತ್ತೆ ಕೇಳಬೇಕು.

ಅವರ ಉತ್ತರವನ್ನು ಬ್ಯಾಂಕಿಗೋ ಬ್ರೋಕರ್‌ಗೋ ಹೇಳಿ ಖಾತ್ರಿ ಮಾಡಿಕೊಳ್ಳಿ. ಜೊತೆಗೆ ಆಫೀಸು ನಿಜವಾದದ್ದಾ ಅಂತಲೂ ನೋಡಿ. ಸಾಲಿಸಿಟರ್ ಆದರೆ ಎಸ್‌ಆರ್‌ಎ ಅಂದರೆ ಸಾಲಿಸಿಟರ್ಸ್ ರೆಗ್ಯುಲೇಷನ್ ಅಥಾರಿಟಿಯ ವೆಬ್‌ಸೈಟ್‌ನಲ್ಲಿ, ಲೈಸೆನ್ಸ್ಡ್ ಕನ್ವೇಯನ್ಸರ್ (ಆಸ್ತಿ ವರ್ಗಾವಣೆಯ ಕಾನೂನು ಕೆಲಸಕ್ಕೆ ಪರವಾನಗಿ ಪಡೆದವರು) ಆದರೆ ಸಿಎಲ್‌ಸಿ ಅಂದರೆ ಕೌನ್ಸಿಲ್ ಫಾರ್ ಲೈಸೆನ್ಸ್ಡ್ ಕನ್ವೇಯನ್ಸರ್ಸ್‌ನದ್ದರಲ್ಲಿ ಹೆಸರು ಸಿಗಬೇಕು. ಮನೆ ಕೊಳ್ಳುವ ಕೆಲಸಕ್ಕೆ ಇಬ್ಬರೂ ಸರಿಯೇ. ಸಾಲಿಸಿಟರ್ ಆಫೀಸುಗಳಿಗೆ ಅವರ ಸಂಘವಾದ ಲಾ ಸೊಸೈಟಿ ಕೊಡುವ ಸಿಕ್ಯೂಎಸ್ (ಕನ್ವೇಯನ್ಸಿಂಗ್ ಕ್ವಾಲಿಟಿ ಸ್ಕೀಮ್) ಅನ್ನುವ ಗುಣಮಟ್ಟದ ಮುದ್ರೆ ಇದ್ದರೆ ಒಳ್ಳೆಯದು, ಎಷ್ಟೋ ಲೆಂಡರ್‌ಗಳು ಅದನ್ನು ಕೇಳುತ್ತಾರೆ. ಆದರೆ ಆ ಮುದ್ರೆ ಇದ್ದ ಮಾತ್ರಕ್ಕೆ ನಿಮ್ಮ ಬ್ಯಾಂಕಿನ ಪಟ್ಟಿಯಲ್ಲಿ ಇದ್ದಾರೆ ಅಂತಲ್ಲ.

ಊರಿನಿಂದ ಬರುವ ದುಡ್ಡು

ನಮ್ಮವರು ಜಾಸ್ತಿ ಸಿಕ್ಕಿಕೊಳ್ಳುವುದು ಇಲ್ಲೇ. ಡಿಪಾಸಿಟ್ (ಸಾಲ ಬಿಟ್ಟು ನೀವು ಕೈಯಿಂದ ಹಾಕುವ ದುಡ್ಡು) ಎಲ್ಲಿಂದ ಬಂತು ಅಂತ ಸಾಲಿಸಿಟರ್ ಪ್ರತಿ ಪೌಂಡಿಗೂ ಲೆಕ್ಕ ಕೇಳುತ್ತಾರೆ. ಮನಿ ಲಾಂಡರಿಂಗ್ ತಡೆಯುವ 2017ರ ನಿಯಮಗಳ ಪ್ರಕಾರ ಕೇಳಲೇಬೇಕು, ಅದು ನಿಮ್ಮ ಮೇಲಿನ ಅನುಮಾನ ಅಲ್ಲ. ಅಪ್ಪ ಮೈಸೂರಿನ ಸೈಟು ಮಾರಿ ಕಳಿಸಿದರು ಅಂದರೆ ಕ್ರಯಪತ್ರ, ಅಪ್ಪನ ಬ್ಯಾಂಕ್ ಸ್ಟೇಟ್‌ಮೆಂಟ್, ಅವರ ಗುರುತಿನ ಚೀಟಿ, 'ಇದು ಸಾಲವಲ್ಲ, ಉಡುಗೊರೆ, ಮನೆಯಲ್ಲಿ ನನಗೆ ಪಾಲು ಬೇಡ' ಅನ್ನುವ ಪತ್ರ, ಎಲ್ಲಾ ಬೇಕಾಗಬಹುದು. ಕ್ರಯಪತ್ರ ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದವನ್ನೂ ಮಾಡಿಸಿಡಿ. ಇಲ್ಲಿನ ಅವಸರಕ್ಕೆ ಅಲ್ಲಿಂದ ದುಡ್ಡು ಬರುವುದಿಲ್ಲ. ಭಾರತದಲ್ಲಿ ವಾಸ ಇರುವವರು ಒಂದು ಹಣಕಾಸು ವರ್ಷದಲ್ಲಿ ತಲಾ 2,50,000 ಡಾಲರ್ ತನಕ ಮಾತ್ರ ಹೊರಗೆ ಕಳಿಸಬಹುದು. ನಿಮ್ಮದೇ ಎನ್‌ಆರ್‌ಒ ಖಾತೆಯಿಂದ (ಹೊರದೇಶದಲ್ಲಿರುವವರು ಭಾರತದ ಆದಾಯ ಇಡುವ ಖಾತೆ) ತರಿಸುವುದಾದರೆ ಮಿತಿ 10 ಲಕ್ಷ ಡಾಲರ್, ಆದರೆ ತೆರಿಗೆ ಕಾಗದಗಳಿಗಾಗಿ ಸಿಎ ಹತ್ತಿರ ಓಡಾಡಬೇಕು.

ಮಾವನಿಂದ ಸ್ವಲ್ಪ, ಚಿಕ್ಕಪ್ಪನಿಂದ ಸ್ವಲ್ಪ, ಗೆಳೆಯನ ಖಾತೆ ಮೂಲಕ ಇನ್ನಷ್ಟು ಅಂತ ತರಿಸಿಕೊಳ್ಳಬೇಡಿ. ಕೊಟ್ಟ ಪ್ರತಿಯೊಬ್ಬರ ಕಾಗದವೂ ಬೇಕಾಗುತ್ತದೆ. ಚೀಟಿ ಎತ್ತಿದ ದುಡ್ಡನ್ನು ಇಂಗ್ಲಿಷ್ ಸಾಲಿಸಿಟರ್‌ಗೆ ವಿವರಿಸುವ ಕಷ್ಟವಂತೂ ಬೇಡವೇ ಬೇಡ! ಹಾಗಾಗಿ ಎರಡನೇ ಪ್ರಶ್ನೆ ಇದು: 'ಭಾರತದಿಂದ ಬರುವ ಡಿಪಾಸಿಟ್ ಇರುವ ಕೇಸು ತೆಗೆದುಕೊಳ್ಳುತ್ತೀರಾ, ಯಾವ ಕಾಗದ ಬೇಕು, ಅದಕ್ಕೆ ಬೇರೆ ಫೀಸಾ?' ಉತ್ತರ ತಡವರಿಸಿದರೆ ಬೇರೆಯವರನ್ನು ನೋಡಿ.

ಬೆಂಗಳೂರಿನ ಫ್ಲ್ಯಾಟೂ ಲೆಕ್ಕಕ್ಕೆ ಬರುತ್ತದೆ

'ಇಲ್ಲಿ ಇದೇ ಮೊದಲನೇ ಮನೆ, ಹಾಗಾಗಿ ಸ್ಟ್ಯಾಂಪ್ ಡ್ಯೂಟಿ ರಿಯಾಯಿತಿ ಸಿಗುತ್ತೆ' ಅಂದುಕೊಂಡವರು ಬಹಳ. ಇಲ್ಲ. ಪ್ರಪಂಚದಲ್ಲಿ ಎಲ್ಲೇ ಆಗಲಿ ನಿಮ್ಮ ಹೆಸರಿನಲ್ಲಿ ಹಿಂದೆ ಮನೆ ಇದ್ದರೂ ಮೊದಲ ಬಾರಿ ಕೊಳ್ಳುವವರ ರಿಯಾಯಿತಿ ಇಲ್ಲ. ಆ ಮನೆ ಈಗಲೂ ಇದ್ದು, ಅದರ ಬೆಲೆ 40,000 ಪೌಂಡ್ ಅಥವಾ ಅದಕ್ಕಿಂತ ಮೇಲಿದ್ದರೆ, ಇಲ್ಲಿ ಕೊಳ್ಳುವ ಮನೆಗೆ ಸಾಮಾನ್ಯವಾಗಿ ಪೂರ್ತಿ ಬೆಲೆಯ ಮೇಲೆ 5% ಹೆಚ್ಚುವರಿ ಸ್ಟ್ಯಾಂಪ್ ಡ್ಯೂಟಿ ಬೀಳುತ್ತದೆ. ಇಂಗ್ಲೆಂಡ್‌ನಲ್ಲಿ 2025ರ ಏಪ್ರಿಲ್‌ನಿಂದ ಇರುವ ದರದಲ್ಲಿ 4 ಲಕ್ಷ ಪೌಂಡಿನ ಮನೆಗೆ ಲೆಕ್ಕ ಹಾಕಿ. ಮೊದಲ ಬಾರಿ ಕೊಳ್ಳುವವರಿಗೆ 5,000, ಮಾಮೂಲಿ ದರದಲ್ಲಿ 10,000, ಬೆಂಗಳೂರಿನ ಫ್ಲ್ಯಾಟ್ ಇಟ್ಟುಕೊಂಡವರಿಗೆ 30,000 ಪೌಂಡ್. ಗಂಡನ ಹೆಸರಲ್ಲಿ ಅಲ್ಲಿ ಫ್ಲ್ಯಾಟ್ ಇದೆ, ಇಲ್ಲಿ ಹೆಂಡತಿ ಹೆಸರಲ್ಲಿ ಕೊಳ್ಳೋಣ ಅಂದರೂ ನಡೆಯಲ್ಲ. ಹೆಚ್ಚುವರಿ ತೆರಿಗೆಗೆ ಗಂಡ ಹೆಂಡತಿ ಇಬ್ಬರ ಆಸ್ತಿಯನ್ನೂ ನೋಡುತ್ತಾರೆ.

ಇದಕ್ಕೂ ಸಾಲಿಸಿಟರ್ ಆರಿಸುವುದಕ್ಕೂ ಏನು ಸಂಬಂಧ? ಕೀಲಿ ಸಿಕ್ಕ 14 ದಿನದೊಳಗೆ ತೆರಿಗೆ ರಿಟರ್ನ್ ಹಾಕುವವರು ಅವರೇ, ಆದರೆ ಉತ್ತರದಾಯಿ ನೀವು. ಹಲವು ಆಫೀಸುಗಳು 'ನಾವು ತೆರಿಗೆ ಸಲಹೆ ಕೊಡುವುದಿಲ್ಲ' ಅಂತ ಒಪ್ಪಂದದಲ್ಲೇ ಬರೆದಿರುತ್ತವೆ. ಊರಲ್ಲಿರುವ ಆಸ್ತಿ, ಪಿತ್ರಾರ್ಜಿತದಲ್ಲಿ ಬಂದ ಪಾಲು ಎಲ್ಲವನ್ನೂ ಮೊದಲೇ ಹೇಳಿ, ಇದನ್ನು ನೋಡಿಕೊಳ್ಳುವವರು ಯಾರು ಅಂತ ಕೇಳಿ.

ಫೀಸು, ಮತ್ತೆ ಕೆಲಸ ಮಾಡುವವರು

ಜಾಹೀರಾತಿನಲ್ಲಿ ಕಾಣುವುದು ಬರೀ ವಕೀಲಿ ಫೀಸು. ಅದರ ಮೇಲೆ ವ್ಯಾಟ್, ಸರ್ಚ್‌ಗಳು (ಆಸ್ತಿಯ ಬಗ್ಗೆ ಸರ್ಕಾರಿ ದಾಖಲೆ ಪರಿಶೀಲನೆ), ಲ್ಯಾಂಡ್ ರಿಜಿಸ್ಟ್ರಿ ಶುಲ್ಕ, ಹಣ ವರ್ಗಾವಣೆ, ಉಡುಗೊರೆ ಡಿಪಾಸಿಟ್ ಪರಿಶೀಲನೆ, ಲೀಸ್‌ಹೋಲ್ಡ್ (ಜಾಗದ ಒಡೆಯರು ಬೇರೆ, ನಿಮ್ಮದು ಇಷ್ಟು ವರ್ಷದ ಲೀಸ್ ಮಾತ್ರ) ಆದರೆ ಅದಕ್ಕೊಂದು, ಬ್ಯಾಂಕಿನ ಕೆಲಸಕ್ಕೂ ಒಂದು. ಎಲ್ಲಾ ಸೇರಿ ಎಷ್ಟು ಅಂತ ಬರವಣಿಗೆಯಲ್ಲಿ ಕೇಳಿ, ಖರೀದಿ ಮುರಿದುಬಿದ್ದರೆ ಎಷ್ಟು ಕೊಡಬೇಕು ಅಂತಲೂ. ಏಜೆಂಟ್ ಹೇಳಿದ ಆಫೀಸಾದರೆ ಏಜೆಂಟ್‌ಗೆ ಕಮಿಷನ್ ಎಷ್ಟು ಅನ್ನುವುದನ್ನು ಸಾಲಿಸಿಟರ್ ನಿಮಗೆ ತಿಳಿಸಬೇಕು. ನನ್ನ ಅಭಿಪ್ರಾಯ ಕೇಳಿದರೆ, ನೂರಿನ್ನೂರು ಪೌಂಡ್ ಉಳಿಸುವುದಕ್ಕಿಂತ ನಿಮ್ಮ ಫೈಲು ನೋಡುವವರ ಹೆಸರು, ನೇರ ಫೋನ್ ನಂಬರು, ಅವರು ರಜೆ ಹೋದರೆ ಯಾರು ಅನ್ನುವುದು ಮುಖ್ಯ. ಎತ್ತರದ ಕಟ್ಟಡದ ಫ್ಲ್ಯಾಟ್ ಆದರೆ ಮೊದಲೇ ಹೇಳಿಬಿಡಿ. 2022ರ ಬಿಲ್ಡಿಂಗ್ ಸೇಫ್ಟಿ ಕಾಯ್ದೆ ಬಂದ ಮೇಲೆ ಅಂಥ ಕೇಸು ಬೇಡ ಅನ್ನುವ ಆಫೀಸುಗಳಿವೆ, ಪ್ಯಾನೆಲ್‌ನಲ್ಲಿ ಇದ್ದರೂ.

ರೀಮಾರ್ಗೇಜ್ ಆದರೆ

ಇರುವ ಮನೆ ಸಾಲವನ್ನು ಹೊಸ ಸಾಲಕ್ಕೆ ಬದಲಿಸುವುದು ರೀಮಾರ್ಗೇಜ್. ಇದು ಸಲೀಸು. ಅದೇ ಬ್ಯಾಂಕಿನಲ್ಲಿ ಬಡ್ಡಿ ಯೋಜನೆ ಮಾತ್ರ ಬದಲಾದರೆ ಸಾಲಿಸಿಟರ್ ಸಾಮಾನ್ಯವಾಗಿ ಬೇಕಾಗುವುದೇ ಇಲ್ಲ. ಬೇರೆ ಬ್ಯಾಂಕಿಗೆ ಹೋಗುವಾಗ ಹೊಸ ಲೆಂಡರೇ ಎಷ್ಟೋ ಸಲ ಪುಕ್ಕಟೆ ವಕೀಲರನ್ನು ಕೊಡುತ್ತಾರೆ. ನೇರವಾದ ಕೇಸಿಗೆ ಅದು ಸಾಕು. ಹೆಂಡತಿ ಹೆಸರು ಸೇರಿಸಬೇಕು, ಯಾರದೋ ಹೆಸರು ತೆಗೆಯಬೇಕು, ಲೀಸ್ ಕಡಿಮೆ ವರ್ಷ ಉಳಿದಿದೆ ಅಂದರೆ ನಿಮ್ಮದೇ ಸಾಲಿಸಿಟರ್ ಇರಲಿ. ಅವರೂ ಹೊಸ ಬ್ಯಾಂಕಿನ ಪ್ಯಾನೆಲ್‌ನಲ್ಲಿರಬೇಕು, ಹಳೇ ಬ್ಯಾಂಕಿನದ್ದಲ್ಲ.

ಆರಿಸಿದ ದಿನವೇ ಅವರ ಬ್ಯಾಂಕ್ ಖಾತೆ ನಂಬರನ್ನು ಫೋನಿನಲ್ಲಿ ಓದಿಸಿ ಬರೆದಿಟ್ಟುಕೊಳ್ಳಿ. ಡಿಪಾಸಿಟ್ ಕಳಿಸುವ ಹೊತ್ತಿಗೆ 'ನಮ್ಮ ಖಾತೆ ಬದಲಾಗಿದೆ' ಅಂತ ಅವರ ಹೆಸರಲ್ಲೇ ಕಳ್ಳರು ಇಮೇಲ್ ಕಳಿಸುತ್ತಾರೆ. ಆ ಇಮೇಲ್‌ನಲ್ಲಿರುವ ನಂಬರಿಗೆ ಫೋನ್ ಮಾಡಬೇಡಿ, ನಿಮ್ಮ ಹತ್ತಿರ ಮೊದಲಿಂದ ಇರುವ ನಂಬರಿಗೆ ಮಾಡಿ. ಕೆಲಸದ ಬಗ್ಗೆ ದೂರು ಇದ್ದರೆ ಮೊದಲು ಆಫೀಸಿಗೇ ಬರೆಯಿರಿ. ಎಂಟು ವಾರದಲ್ಲಿ ಬಗೆಹರಿಯದಿದ್ದರೆ ಲೀಗಲ್ ಓಂಬುಡ್ಸ್‌ಮನ್‌ಗೆ ಹೋಗಬಹುದು, ಅದಕ್ಕೆ ಫೀಸಿಲ್ಲ.